ನೆಗಡಿಯ ಮಗುವೂ ನಿಮಿಷದ ಎಣಿಕೆಯೂ

ಕೂಸಿರುವ ಮನೆಗೆ ನೆಗಡಿಯು ಕರೆಯದೆ ಬರುವ ನೆಂಟ. ಮುಂಗಾರಿನ ಮೊದಲ ಮಳೆ ಬಿದ್ದೊಡನೆಯೋ, ಮಾಗಿಯ ಚಳಿ ಹಿಡಿದೊಡನೆಯೋ ಅದು ಬಂದು ಹೊಸ್ತಿಲು ದಾಟುತ್ತದೆ. ಮಗುವಿನ ಮೂಗು ಸೋರುತ್ತದೆ. ರಾತ್ರಿಯೆಲ್ಲ ಗೊರಗೊರ ಸದ್ದು. ತಾಯಿಗೆ ನಿದ್ರೆಯಿಲ್ಲ, ಅಜ್ಜಿಗೆ ಸಮಾಧಾನವಿಲ್ಲ. ಬೆಳಗಾಗುವಷ್ಟರಲ್ಲಿ ಮನೆಯವರೆಲ್ಲರೂ ವೈದ್ಯರಾಗಿಬಿಟ್ಟಿರುತ್ತಾರೆ. ಒಬ್ಬರು ಕಷಾಯವೆನ್ನುವರು, ಇನ್ನೊಬ್ಬರು ಸಾಂಬ್ರಾಣಿಯ ಹೊಗೆಯೆನ್ನುವರು, ಮತ್ತೊಬ್ಬರು, ಹೋದ ಸಲ ತಂದ ಔಷಧದ ಸೀಸೆಯಲ್ಲಿ ಇನ್ನೂ ಅರ್ಧ ಉಳಿದಿದೆಯಲ್ಲ ಎಂದು ಗೂಡಿನತ್ತ ಕೈ ಚಾಚುವರು. ಇಷ್ಟು ಸಾಮಾನ್ಯವಾದ ಬೇನೆಯ ವಿಷಯವಾಗಿ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವುದೇಕೆಂದು ವಾಚಕರಲ್ಲಿ ಕೆಲವರು ನಗಬಹುದು. ಆದರೆ ಸಾಮಾನ್ಯವೆಂದು ನಾವು ಕಣ್ಣು ತೆಗೆದ ಕಡೆಯಲ್ಲಿಯೇ ಅಪಾಯವು ಹೊಂಚುಹಾಕಿಕೊಂಡಿರುತ್ತದೆಂಬುದನ್ನು ನಾನು ಎರಡು ಸಲ ಕಣ್ಣಾರೆ ಕಂಡವಳಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಲು ಧೈರ್ಯಮಾಡಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಮಕ್ಕಳ ನೆಗಡಿ ಕೆಮ್ಮುಗಳ ವಿಷಯದಲ್ಲಿ ನಾವು ಎರಡು ತಪ್ಪುಗಳನ್ನು ಮಾಡುತ್ತೇವೆ. ಏನೂ ಮಾಡಬೇಕಾಗಿಲ್ಲದ ಕಡೆಯಲ್ಲಿ ಬಹಳವಾಗಿ ಮಾಡುತ್ತೇವೆ, ಇದು ಮೊದಲನೆಯದು. ಕಣ್ಣಿಟ್ಟು ನೋಡಬೇಕಾದ ಕಡೆಯಲ್ಲಿ ನೋಡದೆ ಹೋಗುತ್ತೇವೆ, ಇದು ಎರಡನೆಯದು. ಈ ಎರಡು ತಪ್ಪುಗಳನ್ನೂ ತಿದ್ದುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಒಂದು ಗಡಿಯಾರವೂ, ನೂರರವರೆಗೆ ಎಣಿಸುವ ವಿದ್ಯೆಯೂ, ಸ್ವಲ್ಪ ತಾಳ್ಮೆಯೂ ಸಾಕು. ಆದುದರಿಂದ ಈ ಪಾಠವನ್ನು ಕಲಿಸಲು ಹೈಸ್ಕೂಲಿಗಿಂತ ತಕ್ಕ ಸ್ಥಳವು ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ.

ನೆಗಡಿಯೆಂದರೇನು? ವೈರಸ್ ಎಂಬ ಅತಿ ಸೂಕ್ಷ್ಮವಾದ ರೋಗಾಣುಗಳು ಮೂಗು ಗಂಟಲುಗಳನ್ನು ಸೇರಿ ಉಂಟುಮಾಡುವ ಬೇನೆಯೇ ನೆಗಡಿ. ಇಂಥ ವೈರಸ್‌ಗಳ ಬಗೆಗಳು ೨೦೦ಕ್ಕೂ ಹೆಚ್ಚಾಗಿವೆ. ಒಂದನ್ನು ಗೆದ್ದ ಮಗುವಿಗೆ ಮತ್ತೊಂದು ಹೊಸದಾಗಿಯೇ ಇರುತ್ತದೆ. ಆದುದರಿಂದಲೇ ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಅಂಗನವಾಡಿಗೋ ಶಿಶುವಿಹಾರಕ್ಕೋ ಹೊಸದಾಗಿ ಸೇರಿದ ಮಗುವಿಗೆ ಇದಕ್ಕಿಂತಲೂ ಹೆಚ್ಚು ಸಲ ಬಂದೀತು. ಇದನ್ನು ಕಂಡು, ನಮ್ಮ ಮಗುವಿನಲ್ಲಿ ಶಕ್ತಿಯೇ ಇಲ್ಲವೆಂದು ತಾಯಂದಿರು ಕೊರಗಬೇಕಾಗಿಲ್ಲ. ಒಂದೊಂದು ನೆಗಡಿಯೂ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಬೆನ್ನಿಗೆ ಬಂದ ಕೆಮ್ಮು ಇನ್ನೂ ಒಂದೆರಡು ವಾರ ನಿಂತರೂ ನಿಲ್ಲಬಹುದು.

ತಲೆ ನೆನೆದರೆ ನೆಗಡಿ, ಗಾಳಿಗೆ ಬಂದರೆ ನೆಗಡಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇಂಗ್ಲೆಂಡಿನ ಸಾಲ್ಸ್‌ಬರಿ ಎಂಬಲ್ಲಿ ೧೯೪೬ರಿಂದ ೧೯೯೦ರವರೆಗೆ ನೆಗಡಿಯೊಂದನ್ನೇ ಪರಿಶೋಧಿಸುವ ಸಂಸ್ಥೆಯೊಂದಿತ್ತು. ಅಲ್ಲಿ ತಾವಾಗಿಯೇ ಒಪ್ಪಿ ಬಂದವರನ್ನು ಒದ್ದೆಯ ಬಟ್ಟೆಯಲ್ಲಿ ತಣ್ಣನೆಯ ಗಾಳಿಗೆ ನಿಲ್ಲಿಸಿ ನೋಡಿದರು. ಬರಿಯ ಚಳಿಯೊಂದರಿಂದ ನೆಗಡಿಯು ಹುಟ್ಟಿತೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ರೋಗಾಣುವು ಬರುವುದು ಕೆಮ್ಮುವವರ ಬಾಯಿಂದ, ಸೀನುವವರ ಮೂಗಿನಿಂದ, ಅವರು ಮುಟ್ಟಿದ ಕೈಯಿಂದ. ಮಗುವನ್ನು ಬೆಚ್ಚಗಿಡುವುದು ಒಳ್ಳೆಯದೇ. ಆದರೆ ಕಿಟಕಿಗಳನ್ನೆಲ್ಲ ಮುಚ್ಚಿ, ನೆಗಡಿಯಾದ ನಾಲ್ಕು ಮಂದಿಯ ನಡುವೆ ಮಗುವನ್ನು ಮಲಗಿಸಿ, ಕುಲಾವಿಯೊಂದನ್ನು ಕಟ್ಟಿದ ಮಾತ್ರಕ್ಕೆ ರಕ್ಷಣೆಯಾಯಿತೆಂದು ತಿಳಿಯುವುದು ಭ್ರಮೆ.

ಇನ್ನು ಸೀಸೆಯ ಮಾತು. ನೆಗಡಿಯ ವೈರಸ್ಸನ್ನು ಕೊಲ್ಲುವ ಔಷಧವು ಔಷಧದಂಗಡಿಯಲ್ಲಿ ದೊರೆಯುವುದಿಲ್ಲ. ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾ ಎಂಬ ಬೇರೆ ಜಾತಿಯ ರೋಗಾಣುಗಳನ್ನು ಕೊಲ್ಲುವವೇ ಹೊರತು ವೈರಸ್ಸಿಗೆ ಅವುಗಳಿಂದ ಏನೂ ಆಗದು. ಕೆಮ್ಮಿನ ಸಿಹಿ ಔಷಧಗಳಾದರೋ ಚಿಕ್ಕ ಮಕ್ಕಳಿಗೆ ಗುಣಮಾಡುವುದು ಅತ್ಯಲ್ಪ. ಮಂಪರು ಮುಂತಾದ ಕೇಡುಗಳನ್ನು ಮಾಡುವುದುಂಟು. ಕೆಮ್ಮೆಂಬುದು ಶ್ವಾಸಕೋಶದ ಬಾಗಿಲಲ್ಲಿ ನಿಂತ ಕಾವಲುಗಾರ. ಕಫವನ್ನು ಹೊರಗೆ ತಳ್ಳುವುದು ಅದರ ಕೆಲಸ. ಕಾವಲುಗಾರನಿಗೇ ನಿದ್ರೆ ಬರಿಸುವುದರಲ್ಲಿ ಜಾಣತನವೇನಿದೆ?

ನಾನು ಮೊದಲು ಕಂಡ ಸಂಗತಿಯು ಇಂಥದೇ. ನನ್ನ ಬಂಧುಗಳೊಬ್ಬರ ಮನೆಯಲ್ಲಿ ಹದಿನಾಲ್ಕು ತಿಂಗಳ ಮಗುವಿಗೆ ನೆಗಡಿಯಾಗಿತ್ತು. ಒಬ್ಬ ವೈದ್ಯರು ಬರೆದುಕೊಟ್ಟ ಸೀಸೆಯೊಂದು. ಅದರಿಂದ ಎರಡು ದಿನಗಳಲ್ಲಿ ಗುಣ ಕಾಣಲಿಲ್ಲವೆಂದು ಅಂಗಡಿಯವನನ್ನೇ ಕೇಳಿ ತಂದ ಸೀಸೆ ಇನ್ನೊಂದು. ಎರಡಕ್ಕೂ ಹೆಸರು ಬೇರೆ, ಬಣ್ಣ ಬೇರೆ. ಒಳಗಿದ್ದ ಔಷಧವು ಮಾತ್ರ ಒಂದೇ, ಮಂಪರು ಬರಿಸತಕ್ಕದ್ದು. ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಯಾರೂ ಓದಿರಲಿಲ್ಲ. ತಾಯಿ ಒಂದನ್ನು ಕೊಟ್ಟಳು. ಅದನ್ನರಿಯದೆ ಅಜ್ಜಿ ಇನ್ನೊಂದನ್ನು ಕೊಟ್ಟರು. ಮಗು ಮಲಗಿದುದು ಎಬ್ಬಿಸಿದರೂ ಏಳದಾಯಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಾದು ಕುಳಿತ ಮೇಲೆ ಅದು ಕಣ್ಣು ತೆರೆದು ಹಾಲು ಬೇಡಿತು. ಆ ಮನೆಯಲ್ಲಿ ಓದು ಬಾರದವರು ಒಬ್ಬರೂ ಇರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಏಕೆಂದರೆ ಆ ದಿನ ಅದೇ ಮನೆಯಲ್ಲಿ ನಾನೂ ಇದ್ದೆನು.

ನಮ್ಮ ಮಗು ಉಳಿಯಿತು. ಎಲ್ಲ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ಎಂಬುದು ಕಾರ್ಖಾನೆಗಳಲ್ಲಿ ಬಳಸುವ, ನಾಲಿಗೆಗೆ ಸಿಹಿಯಾದ ಒಂದು ದ್ರವ. ಹೊಟ್ಟೆಗೆ ಹೋದರೆ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯತಕ್ಕದ್ದು. ೧೯೩೭ರಲ್ಲಿ ಅಮೆರಿಕ ದೇಶದಲ್ಲಿ ಔಷಧವೊಂದನ್ನು ಈ ದ್ರವದಲ್ಲಿ ಕರಗಿಸಿ ಮಾರಿದುದರಿಂದ ನೂರಕ್ಕೂ ಹೆಚ್ಚು ಜನರು ಸತ್ತರು. ಮರುವರ್ಷವೇ ಅಲ್ಲಿ ಔಷಧಗಳ ಕಾನೂನು ಬಿಗಿಯಾಯಿತು. ಅಷ್ಟು ಹಳೆಯ ಪಾಠವನ್ನು ಲೋಕವು ಕಲಿತಿರಬೇಕಾಗಿತ್ತು. ಆದರೆ ೨೦೨೨ರಲ್ಲಿ ಆಫ್ರಿಕಾ ಖಂಡದ ಗ್ಯಾಂಬಿಯಾ ದೇಶದಲ್ಲಿ ಸುಮಾರು ೭೦ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡಾಗ, ನಮ್ಮ ದೇಶದಿಂದ ಹೋದ ಕೆಮ್ಮಿನ ಔಷಧಗಳಲ್ಲಿ ಈ ವಿಷವು ಕಂಡುಬಂದಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಕೆ ಕೊಟ್ಟಿತು. ೨೦೨೫ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಸೀಮೆಯಲ್ಲಿ ೨೦ಕ್ಕೂ ಹೆಚ್ಚು ಮಕ್ಕಳು ಇದೇ ಬಗೆಯಲ್ಲಿ ಮಡಿದರು. ಪರೀಕ್ಷಿಸಿದ ಔಷಧದಲ್ಲಿ ಈ ವಿಷವು ನೂರಕ್ಕೆ ೪೮ ಪಾಲಿಗೂ ಮಿಕ್ಕು ಇತ್ತು. ಇರಬಹುದಾದ ಮಿತಿಯಾದರೋ ೦.೧ ಪಾಲು ಮಾತ್ರ. ಆ ಮಕ್ಕಳಲ್ಲಿ ಹಲವರಿಗೆ ಮೊದಲು ಬಂದಿದ್ದುದು ಬರಿಯ ಕೆಮ್ಮು, ನೆಗಡಿ, ಜ್ವರ.

ತಪ್ಪು ಮಾಡಿದವರನ್ನು ದಂಡಿಸುವುದು ಸರಕಾರದ ಕೆಲಸ. ಸೀಸೆಯೊಳಗಿನ ವಿಷವನ್ನು ತಾಯಿಯು ಕಣ್ಣಿನಿಂದ ಕಂಡುಹಿಡಿಯಲಾರಳು. ಆದರೆ ಬೇಡದ ಸೀಸೆಯನ್ನು ಬೇಡವೆನ್ನುವ ಅಧಿಕಾರವು ಅವಳದೇ. ಎರಡು ವರ್ಷಗಳ ಒಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಕೊಡಕೂಡದೆಂದೂ, ಐದು ವರ್ಷಗಳ ಒಳಗಿನವರಿಗೆ ಸಾಮಾನ್ಯವಾಗಿ ಅವು ತಕ್ಕವಲ್ಲವೆಂದೂ ಕೇಂದ್ರ ಸರಕಾರದ ಆರೋಗ್ಯ ಇಲಾಖೆಯು ೨೦೨೫ರ ಅಕ್ಟೋಬರಿನಲ್ಲಿ ಎಲ್ಲ ರಾಜ್ಯಗಳಿಗೂ ತಿಳಿಸಿತು. ಈ ಒಂದು ವಾಕ್ಯವು ನಮ್ಮ ಪ್ರತಿಯೊಂದು ಮನೆಯ ಗೋಡೆಯ ಮೇಲೆ ಇರಬೇಕಾದುದು.

ಹಾಗಾದರೆ ಕೈಕಟ್ಟಿ ಕುಳಿತಿರಬೇಕೆ ಎಂದು ಕೇಳಬಹುದು. ಎಂದಿಗೂ ಇಲ್ಲ. ಸೀಸೆಯನ್ನು ಬಿಟ್ಟ ಕೈಯು ಗಡಿಯಾರವನ್ನು ಹಿಡಿಯಬೇಕು. ನೂರು ನೆಗಡಿಗಳಲ್ಲಿ ಹೆಚ್ಚಿನವು ತಾವಾಗಿ ಹೋಗುವುವು. ಎಲ್ಲೋ ಒಂದು ಮಾತ್ರ ಎದೆಗಿಳಿದು ನ್ಯುಮೋನಿಯಾ ಆಗುತ್ತದೆ. ೨೦೧೯ರೊಂದರಲ್ಲಿಯೇ ಲೋಕದಲ್ಲಿ ಐದು ವರ್ಷಗಳೊಳಗಿನ ೭ ಲಕ್ಷಕ್ಕೂ ಹೆಚ್ಚು ಮಕ್ಕಳು ಈ ರೋಗದಿಂದ ಸತ್ತರು. ಇದಕ್ಕೆ ಮದ್ದಿಲ್ಲದೆ ಇಲ್ಲ; ಬ್ಯಾಕ್ಟೀರಿಯಾದಿಂದಾದ ನ್ಯುಮೋನಿಯಾಕ್ಕೆ, ವೈದ್ಯರು ಸಕಾಲದಲ್ಲಿ ಕೊಟ್ಟ ಆಂಟಿಬಯಾಟಿಕ್ ಪ್ರಾಣವನ್ನುಳಿಸುತ್ತದೆ. ಆದರೆ ಆ ಸಕಾಲವನ್ನು ಗುರುತಿಸುವವರು ಮನೆಯಲ್ಲಿರಬೇಕು.

ಗುರುತಿಸುವ ಬಗೆಯನ್ನು ಕಂಡುಹಿಡಿದುದು ದೊಡ್ಡ ಯಂತ್ರಗಳಿದ್ದ ನಗರಗಳಲ್ಲಲ್ಲ. ಪಪುವಾ ನ್ಯೂಗಿನಿ ದೇಶದಲ್ಲಿ ೧೯೮೦ರ ದಶಕದಲ್ಲಿ ಡಾಕ್ಟರ್ ಫ್ರಾಂಕ್ ಶಾನ್ ಎಂಬವರೂ ಅವರ ಸಂಗಡಿಗರೂ, ಎಕ್ಸ್-ರೇ ಇಲ್ಲದ ಊರುಗಳಲ್ಲಿ ಕೆಮ್ಮುವ ಮಗುವಿನ ಉಸಿರಾಟದ ವೇಗದಿಂದಲೂ ಎದೆಯ ಸೆಳೆತದಿಂದಲೂ ನ್ಯುಮೋನಿಯಾವನ್ನು ಅರಿಯಬಹುದೆಂದು ತೋರಿಸಿಕೊಟ್ಟರು. ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ್ ಬಂಗ್, ಡಾಕ್ಟರ್ ರಾಣಿ ಬಂಗ್ ದಂಪತಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅಲ್ಲಿಯ ಸೂಲಗಿತ್ತಿಯರಲ್ಲಿ ಅನೇಕರಿಗೆ ಓದೂ ಬಾರದು, ದೊಡ್ಡ ಸಂಖ್ಯೆಗಳ ಎಣಿಕೆಯೂ ಬಾರದು. ಅವರಿಗಾಗಿ ಒಂದು ಸರಳವಾದ ಸಾಧನವನ್ನು ಮಾಡಿದರು: ಒಂದು ನಿಮಿಷದಲ್ಲಿ ಸುರಿದು ಮುಗಿಯುವ ಮರಳಿನ ಗಡಿಯಾರ, ಅದರ ಜೊತೆಗೆ ಸಾಲಾಗಿ ಪೋಣಿಸಿದ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿಯನ್ನು ಸರಿಸುವುದು. ಮರಳು ಮುಗಿಯುವುದರೊಳಗೆ ಕೆಂಪು ಮಣಿಯನ್ನು ದಾಟಿದರೆ ನ್ಯುಮೋನಿಯಾ ಎಂದು ತಿಳಿದು ಚಿಕಿತ್ಸೆ ಮೊದಲುಮಾಡುವುದು. ೧೯೯೦ರಲ್ಲಿ ಪ್ರಕಟವಾದ ಅವರ ವರದಿಯಂತೆ, ಈ ಏರ್ಪಾಡಿದ್ದ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದಾಗುವ ಶಿಶುಮರಣವು ಅದಿಲ್ಲದ ಹಳ್ಳಿಗಳಲ್ಲಿದ್ದುದರ ಸುಮಾರು ಅರ್ಧಕ್ಕೆ ಇಳಿಯಿತು. ಸೋದರಿಯರೇ, ಒಂದನೆಯ ತರಗತಿಯಲ್ಲಿ ಮಣಿಚೌಕಟ್ಟಿನ ಮೇಲೆ ಎಣಿಕೆ ಕಲಿತವರು ನಾವು. ಅಕ್ಷರ ಬಾರದ ಆ ತಾಯಂದಿರು ಮಾಡಿದ ಕೆಲಸವು ಬೀಜಗಣಿತವನ್ನು ಬಿಡಿಸುವ ನಮ್ಮಿಂದ ಆಗದೆ?

ಬಗೆಯನ್ನು ಹೇಳುತ್ತೇನೆ. ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಅದರ ಅಂಗಿಯನ್ನು ಮೇಲಕ್ಕೆ ಸರಿಸಿ, ಎದೆ ಹೊಟ್ಟೆಗಳು ಏಳುವುದನ್ನು ನೋಡಬೇಕು. ಒಮ್ಮೆ ಎದ್ದು ಇಳಿದರೆ ಒಂದು ಉಸಿರು. ಸೆಕೆಂಡಿನ ಮುಳ್ಳಿರುವ ಗಡಿಯಾರವನ್ನು ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಕೂಡದು, ಏಕೆಂದರೆ ಶಿಶುಗಳ ಉಸಿರು ಒಂದೇ ಸಮನಾಗಿ ನಡೆಯುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ ೬೦ ಅಥವಾ ಹೆಚ್ಚು. ಎರಡು ತಿಂಗಳಿಂದ ಒಂದು ವರ್ಷದವರೆಗೆ ೫೦ ಅಥವಾ ಹೆಚ್ಚು. ಒಂದರಿಂದ ಐದು ವರ್ಷದವರೆಗೆ ೪೦ ಅಥವಾ ಹೆಚ್ಚು ಉಸಿರುಗಳಿದ್ದರೆ ಅದು ವೇಗದ ಉಸಿರಾಟ. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಎಣಿಕೆಯು ಹೇಗೇ ಇರಲಿ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗಿನ ಭಾಗವು ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ನೀರುಗಳನ್ನು ಕುಡಿಯಲಾರದಿದ್ದರೆ, ಕುಡಿದುದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ತುಟಿ ನಾಲಿಗೆಗಳು ನೀಲಿಯಾದರೆ ಒಂದು ಗಳಿಗೆಯೂ ತಡಮಾಡಲಾಗದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ ಕೂಡಲೇ ವೈದ್ಯರಿಗೆ ತೋರಿಸಬೇಕು. ಎರಡು ವಾರ ಮೀರಿ ನಿಂತ ಕೆಮ್ಮನ್ನು ಒಮ್ಮೆ ಪರೀಕ್ಷಿಸಿಸತಕ್ಕದ್ದು; ಅದು ಕ್ಷಯವಲ್ಲವೆಂದು ತಿಳಿಯಬೇಕಾಗಿದೆ.

ನಾನು ಕಂಡ ಎರಡನೆಯ ಸಂಗತಿಯು ಈ ಎಣಿಕೆಗೆ ಸೇರಿದ್ದು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ನನ್ನಿಂದ ಇದನ್ನು ಕಲಿತಿದ್ದಳು. ಅವಳ ತಮ್ಮನಿಗೆ ಎರಡು ವರ್ಷ. ಮೂರು ದಿನಗಳಿಂದ ನೆಗಡಿಯೆಂದು ಎಲ್ಲರೂ ಸುಮ್ಮನಿದ್ದರು. ಸಂಜೆ ಅವಳು ಗೋಡೆಯ ಗಡಿಯಾರದ ಕೆಳಗೆ ಕುಳಿತು ಎಣಿಸಿದಳು, ೫೬ ಆಯಿತು. ತಪ್ಪಿರಬಹುದೆಂದು ಮತ್ತೆ ಎಣಿಸಿದಳು, ೫೪. “ಉಸಿರನ್ನು ಎಣಿಸುತ್ತಾರೇನೇ ಹುಡುಗಿ? ಆಯುಷ್ಯ ಕಡಿಮೆಯಾದೀತು!” ಎಂದು ಅಜ್ಜಿ ಗದರಿದರು. “ಅಜ್ಜಿ, ಎಣಿಸದಿದ್ದರೇ ಕಡಿಮೆಯಾಗುವುದು, ಬೇಕಾದರೆ ನೀನೇ ಕೈಯಿಟ್ಟು ನೋಡು” ಎಂದಳಂತೆ. ಅಜ್ಜಿ ಮಗುವಿನ ಪಕ್ಕೆಯ ಮೇಲೆ ಕೈಯಿಟ್ಟರು, ಆಮೇಲೆ ಮಾತನಾಡಲಿಲ್ಲ, ತಾವೇ ಮಗುವಿಗೆ ಶಾಲು ಸುತ್ತಿ ಮಗನನ್ನು ಕೂಗಿದರು. ಕೊನೆಯ ಬಸ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದರು. ನ್ಯುಮೋನಿಯಾ ಆಗಿತ್ತು. ಇನ್ನೊಂದು ದಿನ ಕಳೆದಿದ್ದರೆ ಕಷ್ಟವಾಗುತ್ತಿತ್ತೆಂದು ವೈದ್ಯರು ಹೇಳಿದರಂತೆ. ವಾರದ ಮೇಲೆ ಆ ಬಾಲಿಕೆ ಶಾಲೆಗೆ ಬಂದು, ತಪ್ಪಿದ ಪಾಠಗಳಿಗಾಗಿ ಕ್ಷಮೆ ಕೇಳಿದಳು. ನನಗೆ ಉತ್ತರ ಕೊಡಲು ಮಾತು ಹೊರಡಲಿಲ್ಲ.

ನೆಗಡಿ ಮಾತ್ರವೇ ಇದ್ದಾಗ ಮನೆಯಲ್ಲಿ ಮಾಡತಕ್ಕ ಉಪಚಾರಗಳು ಸರಳವಾದವು. ಎದೆಹಾಲು ಕುಡಿಯುವ ಕೂಸಿಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಹಾಲೂಡಿಸಬೇಕು. ದೊಡ್ಡ ಮಗುವಿಗೆ ಬೆಚ್ಚಗಿನ ಗಂಜಿ, ತಿಳಿಸಾರು, ಕಾಯಿಸಿ ಆರಿಸಿದ ನೀರನ್ನು ಕೊಡಬೇಕು. ಬೇನೆಯೆಂದು ಉಪವಾಸ ಕೆಡವಕೂಡದು. ಮೂಗು ಕಟ್ಟಿದರೆ ಔಷಧದಂಗಡಿಯಲ್ಲಿ ದೊರೆಯುವ ಬರಿಯ ಉಪ್ಪುನೀರಿನ ಹನಿಗಳನ್ನು ಬಿಟ್ಟು ಮೃದುವಾದ ಬಟ್ಟೆಯಿಂದ ಒರೆಸಿದರೆ ಸಾಕು. ವರ್ಷ ತುಂಬಿದ ಮಗುವಿಗೆ ಜೇನುತುಪ್ಪ ಒಳ್ಳೆಯದು. ತುಳಸಿ ಶುಂಠಿಗಳನ್ನು ಹಾಕಿದ ತೆಳುವಾದ ಬೆಚ್ಚನೆಯ ನೀರೂ ಗಂಟಲಿಗೆ ಹಿತ. ಆದರೆ ವರ್ಷದೊಳಗಿನ ಕೂಸಿಗೆ ಜೇನನ್ನು ನೆಕ್ಕಿಸಲೇಕೂಡದು. ಅದರಲ್ಲಿರಬಹುದಾದ ಒಂದು ರೋಗಾಣುವಿನ ಬೀಜದಿಂದ ಎಳೆಯ ಕೂಸಿನ ಸ್ನಾಯುಗಳು ಸೋತುಹೋಗುವ ಘೋರವಾದ ಬೇನೆ ಬರುವುದುಂಟು.

ಹಿರಿಯರ ಪದ್ಧತಿಗಳನ್ನೆಲ್ಲ ಹಳಿಯುವವಳು ನಾನಲ್ಲ. ಆದರೆ ಕೆಲವನ್ನು ಬಿಡಲೇಬೇಕು. ಮೂಗಿಗೆ ಎಣ್ಣೆ ಬಿಡುವುದರಿಂದ ಅದು ಶ್ವಾಸಕೋಶಕ್ಕಿಳಿದು ಬೇರೊಂದು ನ್ಯುಮೋನಿಯಾವನ್ನೇ ತರುತ್ತದೆ. ಕರ್ಪೂರವು ಹೊಟ್ಟೆಗೆ ಹೋದರೆ ಮಗುವಿಗೆ ಫಿಟ್ಸ್ ಬರಿಸುವ ವಿಷ. ಕುದಿಯುವ ನೀರಿನ ಹಬೆಯಿಂದ ಸುಟ್ಟುಕೊಂಡ ಮಕ್ಕಳು ಎಷ್ಟೋ ಮಂದಿ. ನೀರೆರೆದ ಮೇಲೆ ಸಾಂಬ್ರಾಣಿಯ ಹೊಗೆ ಹಾಕುವುದು ನೋಡಲು ಚೆಂದ. ಆದರೆ ಹೊಗೆಯು ಯಾವುದೇ ಆಗಲಿ, ಒಲೆಯದಾಗಲಿ ಬೀಡಿಯದಾಗಲಿ, ಎಳೆಯ ಎದೆಗೆ ಶತ್ರುವೇ. ಇನ್ನು ಹೊಟ್ಟೆಯ ಮೇಲೆ ಬರೆಹಾಕುವ ಕ್ರೂರವಾದ ಪದ್ಧತಿಯನ್ನು ಹೇಳಲು ಲೇಖನಿಯೇ ಹಿಂಜರಿಯುತ್ತದೆ. ಉಸಿರಿಗಾಗಿ ಹೋರಾಡುವ ಜೀವಕ್ಕೆ ಸುಟ್ಟಗಾಯವನ್ನೂ ಕೊಡುವುದು ಉಪಚಾರವಲ್ಲ.

ರೋಗನಿರೋಧಕ ಶಕ್ತಿಯ ಮಾತು ಈಗ ಎಲ್ಲರ ಬಾಯಲ್ಲಿದೆ. ಅದನ್ನು ಸೀಸೆಯಲ್ಲಿ ತುಂಬಿ ಮಾರುವವರೂ ಬಹಳ. ಆ ಶಕ್ತಿಯು ಅಂಗಡಿಯಿಂದ ಬರುವುದಲ್ಲ. ದಿನದಿನದ ಬಾಳುವೆಯಿಂದ ಕೂಡಿಬರುವುದು. ಮೊದಲ ಆರು ತಿಂಗಳು ಎದೆಹಾಲೊಂದೇ; ಅನಂತರ ಎದೆಹಾಲಿನ ಜೊತೆಗೆ ರಾಗಿ, ಬೇಳೆ, ಸೊಪ್ಪು, ಹಣ್ಣು, ಒಪ್ಪುವವರ ಮನೆಗಳಲ್ಲಿ ಮೊಟ್ಟೆ; ಸಾಕಾದಷ್ಟು ನಿದ್ರೆ; ಗಾಳಿಯಾಡುವ ಕೋಣೆ; ಸಾಬೂನಿನಿಂದ ತೊಳೆದ ಕೈ; ಇವೇ ಅದರ ಮೂಲಗಳು. ಇವುಗಳ ಮೇಲೆ ಕಲಶವಿಟ್ಟಂತೆ ಲಸಿಕೆಗಳು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಕೊಡುವ ಐದು ರೋಗಗಳ ಲಸಿಕೆಯು ನಾಯಿಕೆಮ್ಮನ್ನೂ ಒಂದು ಬಗೆಯ ನ್ಯುಮೋನಿಯಾವನ್ನೂ ತಡೆಯುತ್ತದೆ. ನ್ಯುಮೋಕಾಕಸ್ ಎಂಬ ರೋಗಾಣುವಿನ ಲಸಿಕೆಯನ್ನು ೨೦೨೧ರಿಂದ ದೇಶದ ಎಲ್ಲ ಕಡೆಗಳಲ್ಲಿಯೂ ಸರಕಾರವೇ ಉಚಿತವಾಗಿ ಕೊಡಲಾರಂಭಿಸಿತು. ಒಂಬತ್ತು ತಿಂಗಳಿಗೆ ಕೊಡುವ ದಡಾರದ ಲಸಿಕೆಯೂ ಮಗುವಿನ ಶ್ವಾಸಕೋಶವನ್ನೇ ಕಾಯುತ್ತದೆ. ಏಕೆಂದರೆ ದಡಾರವಾದ ಮಕ್ಕಳಲ್ಲಿ ಬಹಳ ಮಂದಿಯನ್ನು ಕೊಲ್ಲುವುದು ಅದರ ಹಿಂದೆ ಬರುವ ನ್ಯುಮೋನಿಯಾ. ನೆಗಡಿಯಾಗಿದೆಯೆಂದು ಲಸಿಕೆಯ ದಿನವನ್ನು ತಪ್ಪಿಸುವ ತಾಯಂದಿರಿದ್ದಾರೆ. ಸಾಧಾರಣವಾದ ನೆಗಡಿಯು ಲಸಿಕೆಗೆ ಅಡ್ಡಿಯಲ್ಲ.

ಹೆಣ್ಣುಮಕ್ಕಳನ್ನು ಓದಲು ಕಳುಹಿಸಿದರೆ ಅಲ್ಲಿಯೂ ಮಗುವನ್ನು ನೋಡಿಕೊಳ್ಳುವುದನ್ನೇ ಕಲಿಸುತ್ತೀರಾ ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಈ ವಿದ್ಯೆಯು ಹುಡುಗಿಯರ ಸೊಂಟಕ್ಕೆ ಕಟ್ಟಿದ ಹೊರೆಯಾಗಬಾರದು. ಅಣ್ಣತಮ್ಮಂದಿರೂ ತಂದೆಯರೂ ಇದನ್ನು ಕಲಿಯಲೇಬೇಕು. ಆದರೆ ಶಾಲೆಯಿಂದ ಮನೆಗೆ ಹೋದೊಡನೆ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳುವವರು ಇಂದಿಗೂ ನಮ್ಮ ಬಾಲಿಕೆಯರೇ ಎಂಬುದು ಸುಳ್ಳಲ್ಲ. ಹೊರುವ ಕೈಗೆ ತಿಳಿವಳಿಕೆಯೂ ಇದ್ದರೆ, ಆ ಕೈಯ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ. ಆ ದಿನ ಅಜ್ಜಿಯು ಮೊಮ್ಮಗಳ ಮಾತನ್ನು ಕೇಳಿದುದು ಅವಳು ಹಟಮಾಡಿದುದರಿಂದಲ್ಲ. ಅವಳ ಹತ್ತಿರ ಒಂದು ಸಂಖ್ಯೆಯಿದ್ದುದರಿಂದ.

ಆದುದರಿಂದ ಶಾಲೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೆ ಒಂದು ಸಲ, ಮಳೆಗಾಲವು ಬಲಿಯುವುದಕ್ಕೆ ಮುಂಚೆ, ಎಂಟರಿಂದ ಹತ್ತನೆಯವರೆಗಿನ ಪ್ರತಿಯೊಂದು ತರಗತಿಯಲ್ಲಿಯೂ ಒಂದು ಗಂಟೆಯನ್ನು ಈ ಪಾಠಕ್ಕೆ ಮೀಸಲಿಡಲಿ. ಒಬ್ಬರ ಉಸಿರನ್ನು ಮತ್ತೊಬ್ಬರು ಎಣಿಸಿ ಅಭ್ಯಾಸಮಾಡಲಿ. ಔಷಧದ ಸೀಸೆಯೊಂದನ್ನು ತಂದು ಅದರ ಮೇಲಿನ ಹೆಸರು, ಪ್ರಮಾಣ, ಕೊನೆಯ ದಿನಾಂಕಗಳನ್ನು ಓದಿಸಲಿ. ೬೦, ೫೦, ೪೦ ಎಂಬ ಮೂರು ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಅಪ್ಪಣೆಯೂ ಬೇಡ.

ಈ ಸಂಚಿಕೆಯನ್ನು ಓದಿ ಮುಗಿಸಿದ ವಿದ್ಯಾರ್ಥಿನಿಯು ಈ ದಿನ ಸಂಜೆಯೇ ಮನೆಯ ಗೂಡಿನಲ್ಲಿರುವ ಹಳೆಯ ಸೀಸೆಗಳನ್ನು ತಾಯಿಗೆ ತೋರಿಸಿ ತೆಗೆಸಿಬಿಡಲಿ. ಮಲಗಿದ ಮಗುವಿನ ಬಳಿ ಒಂದು ನಿಮಿಷ ಕುಳಿತು ಎಣಿಸಲಿ. ಮಗು ಆರೋಗ್ಯವಾಗಿರುವಾಗಲೇ ಎಣಿಸಿ ಬಲ್ಲವಳಿಗೆ, ಬೇನೆಯ ದಿನ ಕೈ ನಡುಗುವುದಿಲ್ಲ.